ದನದ ಕೊಟ್ಟಿಗೆಯಲ್ಲಿ ದೋಣಿ

ನವಲಗುಂದ ತಾಲೂಕಿನಲ್ಲಿ ತನ್ನ ಮನೆಯೊಳಗೆ ತಾನೇ ದೋಣಿ ಕಟ್ಟಿದ ಮೊಟ್ಟಮೊದಲ ಮನುಷ್ಯ ಯಾರು? ನಾನು! ಇದನ್ನು ಯಾವ ಗ್ಯಾಝೆಟಿಯರಿನಲ್ಲೂ ಬರೆದಿಲ್ಲ, ಇನ್ನು ಮುಂದೆ ಬರೆಯುವ ಲಕ್ಷಣವೂ ಇಲ್ಲ. ಆದ್ದರಿಂದ ನಾನೇ ಬರೆದುಕೊಳ್ಳುತ್ತಿದ್ದೇನೆ. ನಮ್ಮದು ಎರೆಭೂಮಿ. ಜೋಳ, ಹತ್ತಿ, ಕಡಲೆ, ಮೆಣಸಿನಕಾಯಿ, ಏನು ಬೇಕಾದರೂ ಬೆಳೆಯುತ್ತದೆ, ನೀರೊಂದನ್ನು ಬಿಟ್ಟು! ಬಾವಿಯ ನೀರು ಸವಳು, ಕುಡಿಯಲು ಕೆರೆಯ ನೀರೇ ಗತಿ. ಇಂಥ ಊರಿನಲ್ಲಿ ದೋಣಿ ಯಾಕಪ್ಪಾ ಎಂದು ನೀವು ಕೇಳುತ್ತೀರಿ. ನಮ್ಮ ಮನೆಯವರೂ ಕೇಳಿದರು. ನಾನು ಖರೇ ಉತ್ತರವನ್ನೇ ಕೊಟ್ಟೆ. ಒಬ್ಬರೂ ನಂಬಲಿಲ್ಲ. ಎಲ್ಲ ಫಜೀತಿ ಶುರುವಾದದ್ದು ಅಲ್ಲಿಂದ.

ನಾನು ಬಾಳಕೃಷ್ಣ, ಹೈಸ್ಕೂಲಿನಲ್ಲಿ ಭೂಗೋಳದ ಮಾಸ್ತರ. ಎಪ್ಪತ್ಮೂರರ ಭಾದ್ರಪದದಲ್ಲಿ ಹುಬ್ಬಳ್ಳಿಗೆ ಹೋಗಿದ್ದವನು ಬರುವಾಗ ಬೆಣ್ಣಿಹಳ್ಳ ತುಂಬಿ ಬಂತು. ಬಸ್ಸು ಆಚೆ ದಂಡೆಯಲ್ಲಿ ನಿಂತಿತು. ಎರಡು ದಿನ ಒಂದು ಹನುಮಪ್ಪನ ಗುಡಿಯಲ್ಲಿ, ಚುರುಮುರಿ ತಿಂದುಕೊಂಡು, ಕೊಡೆ ಅಪ್ಪಿಕೊಂಡು ಕೂತಿದ್ದೆ. ಮೂರನೆಯ ದಿನ ಶಾಲೆಗೆ ಹೋದರೆ ಹೆಡ್‌ಮಾಸ್ತರರು ಎಲ್ಲರ ಮುಂದೆ, "ಏನ್ರಿ, ಹುಡುಗರಿಗೆ ಏಳೂ ಸಮುದ್ರ ದಾಟಸ್ತೀರಿ, ನಿಮಗ ಒಂದು ಹಳ್ಳಾ ದಾಟ್ಲಿಕ್ಕೆ ಆಗಲಿಲ್ಲ?" ಎಂದರು. ಮಾಸ್ತರರು ನಕ್ಕರು. ನೀರು ತಂದುಕೊಡಲು ಬಂದ ಸಿಪಾಯಿಯೂ ನಕ್ಕ! ಅವತ್ತೇ ಪ್ರತಿಜ್ಞೆ ಮಾಡಿದೆ. ಬರುವ ಮಳೆಗಾಲದಲ್ಲಿ ಬೆಣ್ಣಿಹಳ್ಳ ಎಷ್ಟಾದರೂ ತುಂಬಲಿ, ನಾನು ನನ್ನ ಸ್ವಂತ ದೋಣಿಯಲ್ಲಿ, ಇಸ್ತ್ರಿ ಮಾಡಿದ ಕೋಟು ತೊಟ್ಟು, ನಿಂತುಕೊಂಡೇ ದಾಟುತ್ತೇನೆ!

ನನ್ನ ಬಾಲ್ಯದ ಗೆಳೆಯ ಇಮಾಮುದ್ದೀನ ವಾಸ್ಕೋದಲ್ಲಿ ದೋಣಿ ಕಟ್ಟುವ ಕಾರಖಾನೆಯಲ್ಲಿದ್ದ. ಅವನಿಗೆ ಕಾಗದ ಬರೆದೆ. ನಾಲ್ಕು ಪುಟದ ಉತ್ತರ, ಜೊತೆಗೆ ನಕಾಶೆ, ಪರಿಚಯದ ಲಾರಿಯಲ್ಲಿ ಒಂದು ಡಬ್ಬಿ ರಾಳ, ಅದನ್ನು ಗಟ್ಟಿ ಮಾಡುವ ಔಷಧಿಯ ಶೀಸೆ, ಒಂದು ಸುರುಳಿ ಗಾಜಿನ ಬಟ್ಟೆ, ಎಲ್ಲ ಬಂದವು. ಕೆಲಸ ಸರಳ. ತೆಳ್ಳನೆಯ ಪ್ಲೈವುಡ್ಡನ್ನು ನಕಾಶೆಯಂತೆ ಕತ್ತರಿಸುವುದು, ಅಂಚುಗಳಿಗೆ ತೂತು ಹಾಕಿ ತಾಮ್ರದ ತಂತಿಯಿಂದ ಅಂಗಿಯ ಹಾಗೆ ಹೊಲಿಯುವುದು, ಹೊರಮೈಗೆ ಗಾಜಿನ ಬಟ್ಟೆ ಹೊದಿಸಿ ರಾಳ ಸವರುವುದು. ಒಣಗಿದ ಮೇಲೆ ಕಲ್ಲಿನಂತಾಗುತ್ತದೆ. ಆಮೇಲೆ ಕಾಚಪೇಪರಿನಿಂದ ಉಜ್ಜಿ ನುಣುಪು ಮಾಡುವುದು. ಕೊನೆಗೆ ಅವನು ಕೆಂಪು ಶಾಯಿಯಲ್ಲಿ ಗೆರೆ ಎಳೆದು ಬರೆದಿದ್ದ: "ಉಜ್ಜುವಾಗ ಏಳುವ ಧೂಳು ಗಾಜಿನ ಧೂಳು. ಮೈಗೆ ಬಿದ್ದರೆ ತುರಿಸಿ ಸಾಯುತ್ತೀ. ಕೊಬ್ಬರಿ ಎಣ್ಣೆ ಹಚ್ಚಿಕೊಂಡು ಉಜ್ಜು. ಬಯಲಿನಲ್ಲಿ ಉಜ್ಜು, ಮನೆಯಲ್ಲಿ ಬೇಡ."

ಎಣ್ಣೆಯ ಮಾತು ಪಾಲಿಸಿದೆ. ಬಯಲಿನ ಮಾತು ಪಾಲಿಸಲು ಹೇಗಾಗುತ್ತದೆ? ಬಯಲಿನಲ್ಲಿ ಕೂತರೆ ಊರು ನೋಡುತ್ತದೆ, ಹೆಡ್‌ಮಾಸ್ತರರಿಗೆ ಸುದ್ದಿ ಮುಟ್ಟುತ್ತದೆ, ದೋಣಿ ಹುಟ್ಟುವ ಮೊದಲೇ ನಗೆಪಾಟಲಾಗುತ್ತದೆ. ನನಗೆ ಯಾರ ಮೇಲೂ ಭರವಸೆ ಇರಲಿಲ್ಲ. ಆದ್ದರಿಂದ ಹಿತ್ತಲ ಕಡೆ ಖಾಲಿ ಬಿದ್ದಿದ್ದ ದನದ ಕೊಟ್ಟಿಗೆಯ ಬಾಗಿಲು ಹಾಕಿಕೊಂಡು ಕೆಲಸಕ್ಕೆ ಕೂತೆ.

ಇನ್ನು ನಮ್ಮ ಮನೆಯ ಪರಿಚಯ. ಹೆಂಡತಿ ಲೀಲಾಬಾಯಿ. ತಂಗಿ ಸರಸ್ವತಿ, ಇಪ್ಪತ್ತೆರಡು ವರ್ಷ, ತಂದೆ ತೀರಿಕೊಂಡ ಮೇಲೆ ಅವಳ ಮದುವೆ ನನ್ನ ಜವಾಬ್ದಾರಿ. ಮತ್ತು ತಂದೆಯ ಅಕ್ಕ ಮುಕ್ತಾಬಾಯಿ, ನನ್ನ ಅತ್ಯಾ. ವಿಧವೆಯಾಗಿ ನಲವತ್ತು ವರ್ಷ, ಅಷ್ಟೂ ವರ್ಷ ಅಖಂಡ ಮಡಿ! ಬೆಳಗ್ಗೆ ಒಗೆದ ಸೀರೆಯನ್ನು ಕೋಲಿನಿಂದ ಎತ್ತಿ ಹಿತ್ತಲ ಪಡಸಾಲೆಯ ಎತ್ತರದ ಗಳದ ಮೇಲೆ ಹರವುತ್ತಾಳೆ. ಮರುದಿನ ತಾನೇ ಕೋಲಿನಿಂದ ಇಳಿಸಿ ಉಡುತ್ತಾಳೆ. ನಡುವೆ ಆ ಸೀರೆಯನ್ನು ನಾವು ಹೋಗಲಿ, ಬೆಕ್ಕು ಕೂಡ ಮುಟ್ಟುವಂತಿಲ್ಲ. ಹಬ್ಬ ಹುಣ್ಣಿಮೆಗೆ ಲೀಲಾಬಾಯಿಯ ಮಡಿ ಸೀರೆಯೂ, ಬೀಗರು ಬಿಜ್ಜರು ಬಂದರೆ ಧೋತರಗಳೂ ಅದೇ ಗಳದ ಮೇಲೆ. ಆ ಪಡಸಾಲೆಗೂ ಕೊಟ್ಟಿಗೆಗೂ ನಡುವೆ ಒಂದು ಗೋಡೆ. ಆ ಗೋಡೆ ಮಾಳಿಗೆಗೆ ಮುಟ್ಟುವುದಿಲ್ಲ. ಎಮ್ಮೆಗೆ ಗಾಳಿ ಬರಲಿ ಎಂದು ನಮ್ಮ ಅಜ್ಜ ಒಂದು ಮೊಳ ಸಂದಿ ಬಿಟ್ಟಿದ್ದ. ಪುಣ್ಯಾತ್ಮ!

ಮೊದಲ ದಿನವೇ ಲೀಲಾಬಾಯಿ ಬಾಗಿಲಿಗೆ ಬಂದು ನಿಂತಳು.

"ಕೊಟಗ್ಯಾಗ ಬಾಗಲಾ ಹಾಕ್ಕೊಂಡು ಏನ ಮಾಡ್ಲಿಕ್ಕತ್ತೀರಿ?"

"ದೋಣಿ."

ಒಂದು ಕ್ಷಣ ನನ್ನ ಮುಖ ನೋಡಿದಳು. "ಖರೇ ಹೇಳ್ರಿ."

"ಖರೇನ ಹೇಳ್ಲಿಕ್ಕತ್ತೀನಿ. ದೋಣಿ."

"ಸುಳ್ಳು ಹೇಳೂದಾದ್ರ ಸ್ವಲ್ಪ ನಂಬೂ ಹಂಗರ ಹೇಳ್ರಿ. ನವಲಗುಂದದಾಗ ದೋಣಿ ಅಂತ, ದೋಣಿ!"

ಅವತ್ತಿನಿಂದ ಅವಳ ಕಣ್ಣು ನನ್ನ ಬೆನ್ನ ಹಿಂದೆಯೇ ಇರುತ್ತಿತ್ತು. ಅದಕ್ಕೆ ಸರಿಯಾಗಿ ಅಡುಗೆಮನೆಯ ಹಿತ್ತಾಳೆ ಸೌಟು ಮಾಯವಾಯಿತು. ಮಾಯವೆಂದರೇನು, ರಾಳ ಕಲಸಲು ಒಂದು ಹಳೆಯ ಡಬರಿ ಪಾತ್ರೆಯ ಜೊತೆ ನಾನೇ ಒಯ್ದಿದ್ದೆ. ಇಮಾಮುದ್ದೀನ ಔಷಧಿ ಹನಿ ಹನಿ ಹಾಕು ಎಂದಿದ್ದ. ನಾನು ಲಗೂನ ಗಟ್ಟಿಯಾಗಲಿ ಎಂದು ಧಾರಾಳವಾಗಿ ಸುರಿದೆ. ನೋಡನೋಡುತ್ತಿದ್ದಂತೆ ಡಬರಿಯಿಂದ ಹೊಗೆ ಬಂತು, ರಾಳ ಕಲ್ಲಾಯಿತು, ಸೌಟು ಅದರ ನಡುವೆ ನೆಟ್ಟಗೆ ನಿಂತುಬಿಟ್ಟಿತು! ನಾನು ಜಗ್ಗಿದೆ, ಕಾಲು ಕೊಟ್ಟು ಜಗ್ಗಿದೆ. ಬರಲಿಲ್ಲ. ಡಬರಿ, ಸೌಟು ಎರಡನ್ನೂ ಕೂಡಿಯೇ ಹೊಟ್ಟಿನ ಚೀಲದ ಹಿಂದೆ ಮುಚ್ಚಿಟ್ಟೆ.

ರಾಳದ ವಾಸನೆಯನ್ನು ಮುಚ್ಚಿಡಲು ಬರುತ್ತದೆಯೇ? ಬಾಜು ಮನೆಯ ಲಕ್ಷ್ಮವ್ವ ಹಿತ್ತಲ ಗೋಡೆಯ ಮೇಲೆ ಮುಖ ತೂರಿಸಿದಳು.

"ಮಾಸ್ತರ್ರ, ವಾಸನಿ ಅಗದಿ ಖಡಕ್ ಐತಲ್ರಿ!"

"ಅದು ದೋಣಿದು, ಲಕ್ಷ್ಮವ್ವ."

"ಹೌದೌದು, ದೋಣೀದ ಇರತೈತಿ ತಗೋರಿ," ಎಂದು ಕಣ್ಣು ಮಿಟುಕಿಸಿದಳು. "ಎಲ್ಲಾರೂ ಹೊಟ್ಟೀಪಾಡಿಗೆ ಮಾಡೂದ. ನಾ ಯಾರ ಮುಂದೂ ಬಾಯಿ ಬಿಡೂದಿಲ್ಲ."

ಸಂಜೆಯೊಳಗೆ ಇಡೀ ಓಣಿಯವರು ನನ್ನನ್ನು ಕಂಡು, ತಾವೂ ಬಾಯಿ ಬಿಡುವುದಿಲ್ಲವೆಂಬಂತೆ ತಲೆ ಆಡಿಸಿ ಹೋಗತೊಡಗಿದರು. ಭೂಗೋಳದ ಮಾಸ್ತರ ಕಳ್ಳಭಟ್ಟಿ ಇಳಿಸುತ್ತಾನೆ ಎಂಬ ಕೀರ್ತಿ ನನಗೆ ಹೀಗೆ ಬಂತು. ನಾನು ಸುಮ್ಮನಿದ್ದೆ. ಹೆಡ್‌ಮಾಸ್ತರರಿಗೆ ದೋಣಿಯ ಸುಳಿವು ಹತ್ತದಿದ್ದರೆ ಸಾಕಿತ್ತು.

ಮಾಘಮಾಸದ ಒಂದು ಮಂಗಳವಾರ, ಮೈಗೆಲ್ಲ ಕೊಬ್ಬರಿ ಎಣ್ಣೆ ಬಳಿದುಕೊಂಡು, ಕುಸ್ತಿಗೆ ಇಳಿಯುವ ಪೈಲವಾನನ ಹಾಗೆ ಕೊಟ್ಟಿಗೆಗೆ ಹೋಗಿ, ಬೋರಲು ಹಾಕಿದ ದೋಣಿಯನ್ನು ಉಜ್ಜಲು ಶುರು ಮಾಡಿದೆ. ಬುಧವಾರ ಬೆಳಗ್ಗೆ ದೇವರಮನೆಯಿಂದ ಚೀರು ಕೇಳಿಸಿತು.

"ನನ್ನ ಮಡಿ ಯಾರೋ ಮುಟ್ಟ್ಯಾರ!"

ಓಡಿ ಹೋದೆವು. ಅತ್ಯಾ ಒಂದು ಕೈಯಲ್ಲಿ ಗಂಟೆ ಹಿಡಿದುಕೊಂಡು ಇನ್ನೊಂದು ಕೈಯಿಂದ ಬೆನ್ನು ತುರಿಸಿಕೊಳ್ಳುತ್ತಿದ್ದಳು.

"ಏನಾತು ಅತ್ಯಾ?"

"ಮೈಯಾಗ ಬೆಂಕಿ ಬಿದ್ದಂಗ ಆಗೇದ! ಮೈಲಿಗಿ ಸೀರಿ ಉಟ್ಟು ದೇವರ ಮುಂದ ಕೂತೀನಿ, ದೇವರು ತೋರಸ್ಯಾನ. ಲೀಲಾ, ಖರೇ ಹೇಳು, ನಿನ್ನಿ ಗಳಾ ಮುಟ್ಟೀದಿ?"

"ನಾ ಯಾಕ ಮುಟ್ಟಲಿ ಅತ್ಯಾರ? ನನಗ ಬ್ಯಾರೆ ಉದ್ಯೋಗ ಇಲ್ಲೇನು?"

"ಮತ್ತ ಬಾಳೂ ಮುಟ್ಟ್ಯಾನ? ಅವನ ಕೈ ಅಲ್ಲೀತನಕಾ ಮುಟ್ಟೂದಿಲ್ಲ. ನಿನ್ನ ಕೈ ಉದ್ದ ಅವ."

ಕೈ ಉದ್ದ ಎಂದದ್ದು ಲೀಲಾಬಾಯಿಗೆ ನೆಟ್ಟಿತು. ಅತ್ಯಾ ಮತ್ತೆ ಸ್ನಾನ ಮಾಡಿ, ಇನ್ನೊಂದು ಸೀರೆ ಇಳಿಸಿ ಉಟ್ಟು, ತೆಗೆದದ್ದನ್ನು ಮತ್ತೆ ಒಗೆದು ಅದೇ ಗಳದ ಮೇಲೆ ಹರವಿದಳು. ಇತ್ತ ನಾನು ಮತ್ತೆ ಉಜ್ಜಿದೆ. ಮರುದಿನ ಮತ್ತೆ ತುರಿಕೆ, ಮತ್ತೆ ಸ್ನಾನ, ಮತ್ತೆ ಸೀರೆ. ಮಡಿ ಹೆಚ್ಚಾದಷ್ಟೂ ಗಳದ ಮೇಲೆ ಬಟ್ಟೆ ಹೆಚ್ಚಾಯಿತು, ಬಟ್ಟೆ ಹೆಚ್ಚಾದಷ್ಟೂ ತುರಿಕೆ ಹೆಚ್ಚಾಯಿತು.

ಶುಕ್ರವಾರ ದ್ವಾದಶಿ. ಲೀಲಾಬಾಯಿ ಮಡಿಯಲ್ಲಿ ಅಡುಗೆ ಮಾಡಬೇಕು. ಗಳದ ಮೇಲಿನ ಸೀರೆ ಉಟ್ಟಳು. ಅನ್ನ ಬಸಿಯುವ ಹೊತ್ತಿಗೆ ಅವಳೂ ಕುಣಿಯತೊಡಗಿದಳು. ನನ್ನನ್ನು ಬದಿಗೆ ಕರೆದು ಪಿಸುಗುಟ್ಟಿದಳು.

"ಅತ್ಯಾರು ನನ್ನ ಸೀರಿಗೆ ನಸಗುನ್ನಿ ಹಚ್ಚ್ಯಾರ!"

"ಛೇ, ಹಂಗೆಲ್ಲಾ ಅನಬ್ಯಾಡ."

"ಮತ್ತ ಯಾರು ಹಚ್ಚಬೇಕು? ಗಳಾ ಅವರದು, ಕೋಲು ಅವರದು. ಸೇಡು ತೀರಿಸ್ಲಿಕ್ಕತ್ಯಾರ!"

ಅಡುಗೆಮನೆಯಲ್ಲಿ ಅತ್ತೆ ಸೊಸೆಯ ಮಾತು ಬಂದಾಯಿತು. ಇಬ್ಬರೂ ಒಬ್ಬರ ಬಟ್ಟೆಗೆ ಒಬ್ಬರು ಕಾವಲು ಕೂತರು. ಸರಸ್ವತಿ ಮಾತ್ರ ತನ್ನ ಬಟ್ಟೆಯ ಬಕೀಟು ಎತ್ತಿಕೊಂಡು ಲಕ್ಷ್ಮವ್ವನ ಮನೆಯ ಕಡೆ ಹೋದಳು.

ಅವತ್ತು ಸಂಜೆ ನಾನು ಉಜ್ಜುತ್ತ ಕೂತಿದ್ದಾಗ ಪಡುವಣದ ಕಿಂಡಿಯಿಂದ ಬಿಸಿಲು ಒಳಗೆ ಬಿತ್ತು. ಆ ಬೆಳಕಿನಲ್ಲಿ ಧೂಳು ಮಿಂಚುತ್ತ ಮೇಲೆದ್ದು, ಅಜ್ಜ ಬಿಟ್ಟ ಸಂದಿಯಲ್ಲಿ ತೂರಿ, ಆಚೆ ಕಡೆ ಅತ್ಯಾನ ಸೀರೆಯ ಮೇಲೆ ನಿಧಾನವಾಗಿ ಇಳಿಯುವುದನ್ನು ಕಣ್ಣಾರೆ ಕಂಡೆ. ಕೈಯಲ್ಲಿನ ಕಾಚಪೇಪರು ಕೆಳಗೆ ಬಿತ್ತು. ಎಲ್ಲವೂ ತಿಳಿಯಿತು. ಆಗಿಂದಾಗ ಹೋಗಿ ಹೇಳಿದೆನೇ? ಇಲ್ಲ! ಉಜ್ಜುವುದು ಇನ್ನು ಒಂದೇ ಮಗ್ಗಲು ಉಳಿದಿತ್ತು. ಮೇಲಾಗಿ ಅವರಿಬ್ಬರೂ ಪರಸ್ಪರ ಸಂಶಯಪಡುವುದರಲ್ಲಿ ನನ್ನ ಮೇಲೆ ಸಂಶಯಪಡುವುದನ್ನೇ ಮರೆತಿದ್ದರು. ಎರಡು ದಿನದ ಮಾತು, ಆಮೇಲೆ ಎಲ್ಲ ತಾನೇ ನಿಲ್ಲುತ್ತದೆ ಎಂದು ಬಾಯಿ ಮುಚ್ಚಿಕೊಂಡೆ. ಪಾಪಿ ನಾನು, ಈಗ ಒಪ್ಪಿಕೊಳ್ಳುತ್ತೇನೆ.

ಶನಿವಾರ ಕುಂದಗೋಳದಿಂದ ಕಾಗದ ಬಂತು. ಕೃಷ್ಣಾಜಿಪಂತರು ಮಗ ಪ್ರಭಂಜನನೊಂದಿಗೆ ಗುರುವಾರ ಕನ್ಯಾ ನೋಡಲು ಬರುತ್ತಾರಂತೆ. ಪಂತರು ನಿವೃತ್ತ ಪೊಲೀಸ್ ಫೌಜದಾರರು. ಹುಡುಗ ಅಲ್ಲಿಯ ಶಾಲೆಯಲ್ಲಿ ಗಣಿತದ ಮಾಸ್ತರ. ಸರಸ್ವತಿ ಹಿಂದಿನ ಎರಡು ಸಂಬಂಧಗಳಿಗೆ ನೋಡುವ ಮೊದಲೇ ಒಲ್ಲೆ ಎಂದವಳು. ಈ ಹುಡುಗನನ್ನು ಯಾರದೋ ಮುಂಜಿವೆಯಲ್ಲಿ ನೋಡಿದ್ದಳಂತೆ, ಕಾಗದ ಓದಿದ ಕೂಡಲೆ, "ವೈನಿ, ಹಸರು ಸೀರಿ ಉಡ್ಲ್ಯೋ, ನೇರಳಿದು ಉಡ್ಲ್ಯೋ?" ಎಂದು ಅತ್ತಿಗೆಯನ್ನು ಕೇಳಿದಳು.

ಲೀಲಾಬಾಯಿ ನನ್ನನ್ನು ತರಾಟೆಗೆ ತೆಗೆದುಕೊಂಡಳು. "ಆಕಿ ಮನಸ್ಸು ಅಲ್ಲೆ ಕೂತದ. ಈ ಸಂಬಂಧ ತಪ್ಪಿತಂದ್ರ ನಾ ನಿಮ್ಮ ಮಾರಿ ನೋಡೂದಿಲ್ಲ. ಬುಧವಾರದೊಳಗ ಆ ಕೊಟಗಿ ಸ್ವಚ್ಛ ಆಗಬೇಕು!"

ರವಿವಾರ ಶಾಲೆಯ ಕೆಲಸಕ್ಕೆ ಹುಬ್ಬಳ್ಳಿಗೆ ಹೋದೆ. ಸೋಮವಾರ, ಮಂಗಳವಾರ ಉಳಿದ ಮಗ್ಗಲು ಉಜ್ಜಿ ಮುಗಿಸಿದೆ. ಬುಧವಾರ ನನ್ನ ಅಂತಃಕರಣ ಎಚ್ಚೆತ್ತಿತು. ಎಂಟು ದಿನದ ಪಾಪವನ್ನು ತೊಳೆದುಬಿಡಬೇಕೆಂದು, ದೊಡ್ಡ ಕಸಬರಿಗೆ ಹಿಡಿದು, ಕೊಟ್ಟಿಗೆಯ ಮೂಲೆ ಮೂಲೆಯಿಂದ ಕಸ ಹೊಡೆದೆ. ಅಗದಿ ಜೋರಿನಿಂದ ಹೊಡೆದೆ! ಎಂಟು ದಿನದ ಧೂಳೆಲ್ಲ ಒಂದೇ ಮೋಡವಾಗಿ ಎದ್ದಿತು. ನೋಡಿದರೆ ಸ್ವಲ್ಪ ಹೊತ್ತಿನಲ್ಲೇ ಕೊಟ್ಟಿಗೆ ಚೊಕ್ಕಟವಾಗಿತ್ತು. ಅಷ್ಟು ಧೂಳು ಎಲ್ಲಿ ಹೋಯಿತು ಎಂದು ನಾನು ಯೋಚಿಸಲಿಲ್ಲ. ಆಚೆ ಗಳದ ಮೇಲೆ ಅವತ್ತು ಅತ್ಯಾ, ಮರುದಿನದ ಬೀಗರಿಗೆಂದು ಮನೆಯಲ್ಲಿದ್ದ ಧೋತರಗಳನ್ನೆಲ್ಲ ಒಗೆದು ಹರವಿದ್ದಳು.

ಗುರುವಾರ ಪಂತರು ಬಂದರು. ಬಿಳಿ ಗಿರಿಜಾ ಮೀಸೆ. ಕೂಡುವ ಮೊದಲು ಕುರ್ಚಿಯ ಕಾಲು ಅಲುಗಾಡಿಸಿ ನೋಡಿದರು. ನಮ್ಮ ಗೋಡೆಯ ಗಡಿಯಾರ ನೋಡಿ, ತಮ್ಮ ಕೈಗಡಿಯಾರ ನೋಡಿ, "ಇದು ಯಾರಿಗೆ ಹೆದರಿ ಓಡ್ಲಿಕ್ಕತ್ತದ?" ಎಂದರು. ನಮ್ಮ ಗಡಿಯಾರ ಹತ್ತು ನಿಮಿಷ ಮುಂದಿತ್ತು. ಪ್ರಭಂಜನ ತಲೆ ಬಗ್ಗಿಸಿ ಕೂತಿದ್ದ, ಆದರೆ ಸರಸ್ವತಿ ಚಹಾ ತಂದಾಗ ಎರಡು ಸಲ ತಲೆ ಎತ್ತಿದ. ಎರಡನೆಯ ಸಲ ಅವಳೂ ನೋಡಿದಳು. ನನಗೆ ಧೈರ್ಯ ಬಂತು.

"ಊಟಕ್ಕ ಕೂಡೂಕಿಂತ ಮದಲ ಸ್ನಾನ ಮಾಡೂಣು," ಎಂದರು ಪಂತರು. "ಬಸ್ಸಿನ್ಯಾಗ ಬಂದದ್ದು, ಮೈಲಿಗಿ. ಮಡಿ ಧೋತ್ರ ಅವ ಏನ್ರಿ?"

"ಇಲ್ಲದ ಏನ್ರಿ!" ಎಂದು ಅತ್ಯಾ ಹೆಮ್ಮೆಯಿಂದ ಕೋಲು ಎತ್ತಿದಳು.

ಆಗ ನನಗೆ ಆ ಮೋಡದ ನೆನಪಾಯಿತು! "ಅತ್ಯಾ, ನನ್ನ ಟ್ರಂಕಿನ್ಯಾಗ ಹೊಸಾ ಧೋತ್ರ ಅವ, ಅವನ್ನ ಕೊಡೂಣಲ್ಲ..."

"ನೀರು ಕಾಣದ ಧೋತ್ರ ಮಡಿ ಹೆಂಗಾಗತಾವೋ? ಓದಿದಾಂವ ಇದ್ದೀ, ಅಷ್ಟೂ ತಿಳಿಯೂದಿಲ್ಲ? ಸುಮ್ಮನಿರು."

ಸುಮ್ಮನಾದೆ. ಸ್ನಾನವಾಯಿತು, ಧೋತರ ಉಟ್ಟರು, ಸಂಧ್ಯಾವಂದನೆಯಾಯಿತು, ಎಲೆ ಹಾಕಿದೆವು. ಪಂತರು ಎಲೆಯ ಸುತ್ತ ನೀರು ಬಿಟ್ಟು, ಚಿತ್ರಾಹುತಿ ಇಟ್ಟು, ಮೊದಲ ತುತ್ತು ಎತ್ತಿದವರು ಅಲ್ಲೇ ನಿಂತರು. ಎಡಗೈ ಮೆಲ್ಲಗೆ ತೊಡೆಯ ಕಡೆ ಹೋಯಿತು. ಪ್ರಭಂಜನ ಸೊಂಟ ತಿರುಚಿದ. ತೊವ್ವೆ ಬಡಿಸಲು ಬಂದ ಅತ್ಯಾ ಬಗ್ಗಿದವಳು ಮೊಣಕೈಯಿಂದ ಪಕ್ಕೆ ತಿಕ್ಕಿಕೊಂಡಳು. ಲೀಲಾಬಾಯಿ ಬಾಗಿಲ ಚೌಕಟ್ಟಿಗೆ ಬೆನ್ನು ಉಜ್ಜುತ್ತಿದ್ದಳು. ಫೌಜದಾರರ ಕಣ್ಣು ಒಬ್ಬೊಬ್ಬರ ಮೇಲೂ ಹೋಗಿ ಬಂತು. ತುತ್ತು ಎಲೆಗೆ ಇಳಿಯಿತು.

"ಬಾಯಾರ, ನಿಮಗೂ ತುರಸ್ತದೇನು?"

ನಮ್ಮ ಅತ್ಯಾ ಹುಟ್ಟಿದಾರಭ್ಯ ಸುಳ್ಳಾಡಿದವಳಲ್ಲ. "ಹೌದ್ರಿ, ಎಂಟು ದಿವಸಾತು."

"ನಿಮ್ಮ ಸೊಸಿಗೆ?"

"ಆಕಿಗೂ ಅದ."

"ಅಂದ್ರ ಮನಿಮಂದಿಗೆಲ್ಲಾ ಅದ. ಈಗ ನಮಗೂ ಹತ್ತೇದ." ಪಂತರು ಎಲೆಯ ಮುಂದಿನಿಂದ ಎದ್ದುಬಿಟ್ಟರು! "ಏಳು ಪ್ರಭಂಜನಾ. ಮೂರರ ಬಸ್ಸಿಗೆ ಹೋಗೂಣು. ಮನಿ ತುಂಬ ಹುರಕು ಕಜ್ಜಿ ಇಟ್ಟುಕೊಂಡು ಹುಡುಗಿ ತೋರಸ್ತಾರ!"

ಬಡಿಸಿದ ಎಲೆ ಬಿಟ್ಟು ಬೀಗರು ಎದ್ದರೆ ಆ ಮಾತು ಕುಂದಗೋಳದಲ್ಲೇ ನಿಲ್ಲುವುದಿಲ್ಲ, ಜಿಲ್ಲೆಯೆಲ್ಲ ತಿರುಗುತ್ತದೆ. ಆಮೇಲೆ ಸರಸ್ವತಿಗೆ ಯಾವ ಸಂಬಂಧವೂ ಬರುವುದಿಲ್ಲ. ನಾನು ಅಡುಗೆಮನೆಯ ಬಾಗಿಲ ಕಡೆ ನೋಡಿದೆ. ನೇರಳೆ ಸೀರೆಯಲ್ಲಿ ಅವಳು ತುಪ್ಪದ ಗಿಂಡಿ ಹಿಡಿದು ನಿಂತಿದ್ದಳು. ಆ ಮುಖ ನೋಡಿ ದೋಣಿಯೂ ಬೇಡ, ಹಳ್ಳವೂ ಬೇಡ, ನನ್ನ ಮಾನ ಹೋದರೂ ಹೋಗಲಿ ಎನ್ನಿಸಿತು.

"ಹುರಕಲ್ರೀ!" ಎಂದು ಕೂಗಿದೆ. "ದೋಣಿ!"

ಎಲ್ಲರೂ ನನ್ನನ್ನೇ ನೋಡಿದರು.

"ಏನಂದ್ರಿ?"

"ಈ ತುರಕಿ ದೋಣಿಯಿಂದ ಬಂದದ್ರಿ. ನಾ ಹಿತ್ತಲದಾಗ ದೋಣಿ ಕಟ್ಟೀನಿ. ಅದರ ಗಾಜಿನ ಧೂಳು ಮಡಿ ಅರಬಿ ಮ್ಯಾಲ ಬಿದ್ದದ. ತಪ್ಪು ನನ್ನದು."

ಪಂತರು ಮೀಸೆಯ ಮೇಲೆ ಕೈ ಇಟ್ಟರು. "ಮಾಸ್ತರ, ಮೂವತ್ತು ವರ್ಷ ಪೊಲೀಸ್ ಖಾತೇದಾಗ ಇದ್ದೆ. ಕಳ್ಳರು ನನ್ನ ಮುಂದ ನಾನಾ ಥರದ ಸುಳ್ಳು ಹೇಳ್ಯಾರ. ಇಷ್ಟು ಧೈರ್ಯದ ಸುಳ್ಳು ಒಬ್ಬನೂ ಹೇಳಿದ್ದಿಲ್ಲ. ನಡೀರಿ, ತೋರಸ್ರಿ!"

ಎಲ್ಲರೂ ತುರಿಸಿಕೊಳ್ಳುತ್ತ ಹಿತ್ತಲಿಗೆ ಮೆರವಣಿಗೆ ಹೊರಟೆವು. ದೋಣಿ ಬೋರಲಾಗಿ ಮಲಗಿತ್ತು. ಪಂತರು ಬೆರಳಿನಿಂದ ಬಡಿದು ನೋಡಿದರು.

"ಇದು ದೋಣಿ?"

"ಹೌದ್ರಿ."

"ನೀರು ಎಲ್ಲದ?"

"ಮಳೆಗಾಲದಾಗ ಬರ್ತದರಿ."

"ಹೂಂ. ಹೊಟ್ಟಿನ ಚೀಲದ ಹಿಂದ ಏನದ?" ಎಂದು ಚೀಲ ಸರಿಸಿದರು. ಡಬರಿ ಹೊರಬಿತ್ತು, ಅದರಲ್ಲಿ ನೆಟ್ಟಗೆ ನಿಂತ ಸೌಟು! ಲೀಲಾಬಾಯಿ, "ನನ್ನ ಸೌಟು!" ಎಂದು ಹೌಹಾರಿದಳು. ಪಂತರು ಡಬರಿಯನ್ನು ಮೂಗಿಗೆ ಹಿಡಿದು ಮುಖ ಕಿವುಚಿದರು. "ಏನಿದು ವಾಸನಿ?"

ಅದೇ ಹೊತ್ತಿಗೆ ಗೋಡೆಯ ಮೇಲೆ ಲಕ್ಷ್ಮವ್ವನ ಮುಖ ಉದಯಿಸಿತು. ಫೌಜದಾರರ ಮೀಸೆ ನೋಡಿ ಅವಳಿಗೆ ಪರಿಸ್ಥಿತಿ ಅರ್ಥವಾಗಿಹೋಯಿತು. ನನ್ನನ್ನು ಉಳಿಸಲೇಬೇಕೆಂದು ಕೈಮುಗಿದಳು.

"ಸಾಹೇಬರ, ನಮ್ಮ ಮಾಸ್ತರು ಭಾಳ ಸಭ್ಯಸ್ಥರೀ! ತಾವು ಒಂದ್ ಹನಿ ಕುಡಿಯಂಗಿಲ್ಲ. ಬರೇ ಕಾಸಿ ಕೊಡ್ತಾರ, ಅಷ್ಟರೀ!"

ಅತ್ಯಾ "ಶ್ರೀಹರಿ!" ಎಂದು ಗೋಡೆಗೆ ಆತುಕೊಂಡಳು. ಪಂತರು ಡಬರಿಯನ್ನು ಮುದ್ದೇಮಾಲಿನಂತೆ ಬಗಲಲ್ಲಿ ಹಿಡಿದು, "ಅಂದ್ರ ಹುರಕಷ್ಟ ಅಲ್ಲ, ಭಟ್ಟೀನೂ ಅದ!" ಎಂದರು.

"ನಾ ಸ್ವಲ್ಪ ಹೇಳ್ತೀನ್ರಿ."

ತಿರುಗಿ ನೋಡಿದರೆ ಸರಸ್ವತಿ. ನೋಡಲು ಬಂದವರ ಮುಂದೆ ಹುಡುಗಿ ಹೀಗೆ ಹಿತ್ತಲಿಗೆ ಬಂದು ತಾನಾಗಿ ಮಾತಾಡುವುದುಂಟೇ? ಅತ್ಯಾ ಕಣ್ಣು ಸನ್ನೆ ಮಾಡಿದಳು. ಸರಸ್ವತಿ ಲೆಕ್ಕಿಸಲಿಲ್ಲ.

"ಅಣ್ಣ ಉಜ್ಜಲಿಕ್ಕೆ ಶುರು ಮಾಡಿದ್ದು ಹ್ವಾದ ವಾರ ಮಂಗಳವಾರ. ಅತ್ಯಾಗ ತುರಕಿ ಬಂದದ್ದು ಬುಧವಾರ. ರವಿವಾರ ಅಂವಾ ಹುಬ್ಬಳ್ಳಿಗೆ ಹೋಗಿದ್ದ, ಉಜ್ಜಲಿಲ್ಲ. ಸೋಮವಾರ ಯಾರಿಗೂ ತುರಕಿ ಇದ್ದಿದ್ದಿಲ್ಲ. ಸೋಮವಾರ ಮತ್ತ ಉಜ್ಜಿದ, ಮಂಗಳವಾರ ಮತ್ತ ಬಂತು. ನಿನ್ನಿ ಜೋರಿಲೆ ಕಸಾ ಹೊಡದಾನ, ಇವತ್ತ ನಿಮಗ ಬಂತು. ಗೋಡಿ ಮ್ಯಾಲಿನ ಸಂದಿ ನೋಡ್ರಿ. ನನ್ನ ಅರಬಿ ನಾ ಶುಕ್ರವಾರದಿಂದ ಲಕ್ಷ್ಮವ್ವನ ಹಿತ್ತಲದಾಗ ಒಣಗಸ್ತೀನಿ." ಎರಡೂ ಕೈ ಮುಂದೆ ಚಾಚಿದಳು. "ನನಗ ಏನೂ ಆಗಿಲ್ಲ."

ಕೈ ಮೇಲೆ ಒಂದು ಗೀರೂ ಇರಲಿಲ್ಲ. ಅತ್ಯಾ ಬಾಯಿ ತೆರೆದಳು. "ಇಷ್ಟೆಲ್ಲಾ ಗೊತ್ತಿತ್ತು? ಮತ್ತ ಯಾಕ ಹೇಳಲಿಲ್ಲವಾ?"

"ಮೂರು ಸಲ ಹೇಳ್ಲಿಕ್ಕೆ ಬಂದೆ ಅತ್ಯಾ. ಒಂದು ಸಲ ನೀ ವೈನಿ ಮ್ಯಾಲ ಒದರ್ಲಿಕ್ಕತ್ತಿದ್ದಿ. ಒಂದು ಸಲ ವೈನಿ ನಿನ್ನ ಮ್ಯಾಲ ಒದರ್ಲಿಕ್ಕತ್ತಿದ್ದಳು. ಮೂರನೇ ಸಲ ಅಣ್ಣಗ ಹೇಳಿದೆ, ಅಂವಾ ನಿನಗ ತಿಳಿಯೂದಿಲ್ಲ ಸುಮ್ಮನಿರು ಅಂದ."

ಹೌದು, ಅಂದಿದ್ದೆ. ಶುಕ್ರವಾರದ ಸಂಜೆಯೇ ಅಂದಿದ್ದೆ.

ಪಂತರು ಡಬರಿಯನ್ನು ಕೆಳಗಿಟ್ಟರು. ಅವರ ಮುಖದ ಮೇಲೆ ಮೊದಲ ಸಲ ಬೆಳಕು ಕಂಡಿತು. "ವಾರ, ವ್ಯಾಳ್ಯಾ, ಜಾಗಾ, ಸಾಕ್ಷಿ! ನನ್ನ ಕೈಕೆಳಗಿನ ಹವಾಲದಾರರು ಒಬ್ಬರೂ ಇಷ್ಟು ಸ್ವಚ್ಛ ಜಬಾನಿ ಕೊಟ್ಟಿದ್ದಿಲ್ಲ." ಆದರೂ ಮೂವತ್ತು ವರ್ಷದ ಚಟ ಅಷ್ಟು ಸುಲಭವಾಗಿ ಬಿಡುತ್ತದೆಯೇ? "ಒಂದು ಪರೀಕ್ಷಾ ಮಾಡೂಣು. ಮಾಸ್ತರ ಬೆನ್ನಿಗೆ ಈ ಧೂಳು ಒಂದು ಚಿಟಿಗಿ ಹಾಕ್ರಿ."

ಲೀಲಾಬಾಯಿ ಮುಂದೆ ಬಂದಳು. ಚಿಟಿಕೆಯಲ್ಲ, ಒಂದು ಮುಷ್ಟಿ! ದೋಣಿಯ ಹಿಂದೆ ಉಳಿದಿದ್ದನ್ನೆಲ್ಲ ಬಳಿದು ತಂದು, ನನ್ನ ಅಂಗಿಯ ಕೊರಳೊಳಗೆ ಸುರಿದು, ಮೇಲಿಂದ ಎರಡು ಸಲ ಅಂಗೈಯಿಂದ ಬಡಿದಳು. ಅವತ್ತು ಎಣ್ಣೆ ಕೂಡ ಹಚ್ಚಿಕೊಂಡಿರಲಿಲ್ಲ. ಹತ್ತು ನಿಮಿಷ ಎಲ್ಲರೂ ನನ್ನನ್ನೇ ನೋಡುತ್ತ ನಿಂತರು. ಆಮೇಲೆ ನಾನು ಯಾವ ಯಾವ ಕುಣಿತ ಕುಣಿದೆನೋ ನನಗೆ ಗೊತ್ತಿಲ್ಲ. ಲಕ್ಷ್ಮವ್ವ ಗೋಡೆಯ ಮೇಲಿನಿಂದ, "ಅಯ್ಯ ಪಾಪ, ನಿಶಾ ಏರೈತ್ರಿ!" ಎಂದಳು.

"ಖರೇ ಅದ," ಎಂದು ಪಂತರು ತೀರ್ಪು ಕೊಟ್ಟರು.

ಪ್ರಭಂಜನ ಮನೆಗೆ ಬಂದ ಮೇಲೆ ಮೊದಲ ಸಲ ಬಾಯಿ ಬಿಟ್ಟ. "ಅಪ್ಪಾ, ಹಂಗಾರ ಮೂರರ ಬಸ್ಸು ಬ್ಯಾಡಲ್ಲ?"

ಸರಸ್ವತಿ ಸೆರಗು ಬಾಯಿಗೆ ಹಿಡಿದು ಒಳಗೆ ಓಡಿದಳು. ಪಂತರು ಮಗನನ್ನು ನೋಡಿದರು, ಓಡಿದವಳನ್ನು ನೋಡಿದರು, ಕೊನೆಗೆ ನನ್ನನ್ನು ನೋಡಿದರು. "ಹುಡುಗಿ ಪಸಂತ. ಬರೂ ರವಿವಾರ ಬಿಟ್ಟು ಆಚಿ ರವಿವಾರ ನಿಶ್ಚಯಕ್ಕ ಬರ್ತೀವಿ. ಒಂದ ಕರಾರು. ಅಷ್ಟರಾಗ ಈ ಮನಿಯಾಗಿನ ಒಂದೊಂದು ಅರಬೀನೂ ಮೂರು ಮೂರು ಸಲ ಒಗದಿರಬೇಕು. ಗುನ್ಹೆ ಮಾಡಿದವರ ಒಗೀಬೇಕು. ನಾ ಬಂದು ಒಂದೊಂದೂ ಮುಟ್ಟಿ ನೋಡಾಂವ!"

ಹೊಸ ಧೋತರ ಉಟ್ಟುಕೊಂಡು, ಮತ್ತೆ ಎಲೆ ಹಾಕಿಸಿಕೊಂಡು ಉಂಡು, ಐದರ ಬಸ್ಸಿಗೆ ಹೋದರು.

ಮರುದಿನವೇ ಕೆಲಸಕ್ಕೆ ಹತ್ತಿದೆ. ಆದರೆ ಒಗೆಯುವುದು ಎಲ್ಲಿ? ಕುಡಿಯುವ ನೀರಿನ ಕೆರೆಯಲ್ಲಿ ಗಾಜಿನ ಧೂಳಿನ ಬಟ್ಟೆ ಅದ್ದಿದರೆ ಊರವರು ನನ್ನನ್ನೇ ಅದ್ದುತ್ತಾರೆ. ಮನೆಯ ಹಂಡೆಯಲ್ಲಿ ಎರಡು ಸೀರೆ ಹಿಡಿಯುವುದಿಲ್ಲ. ಸೀರೆ, ಧೋತರ, ಹಾಸಿಗೆ, ಜಮಖಾನೆ, ಪರದೆ ಸೇರಿ ಎತ್ತಿನ ಗಾಡಿ ತುಂಬುವಷ್ಟು ಬಟ್ಟೆ! ಲೀಲಾಬಾಯಿ ಸುತ್ತಲೂ ನೋಡಿದಳು. ಅವಳ ಕಣ್ಣು ಕೊಟ್ಟಿಗೆಯಲ್ಲಿ ನಿಂತಿತು.

"ಅದನ್ನ ತಿರುವಿ ಹಾಕ್ರಿ."

"ಲೀಲಾ, ಅದು ದೋಣಿ!"

"ಹೌದು, ಈಗ ನಂಬೀನಿ. ತಿರುವಿ ಹಾಕ್ರಿ."

ದೋಣಿಯನ್ನು ಹಿತ್ತಲ ನಡುವೆ ತಂದು ಅಂಗಾತ ಇಟ್ಟೆವು. ಗಾಜಿನ ಬಟ್ಟೆ ಹೊರಮೈಗೆ ಮಾತ್ರ. ಒಳಗೆ ಬಣ್ಣ ಹಚ್ಚಿ ಕನ್ನಡಿಯಂತೆ ಮಾಡಿದ್ದೆ. ಸವಳು ಬಾವಿಯಿಂದ ಅರವತ್ತು ಕೊಡ ನೀರು ನಾನೇ ಹೊತ್ತು ಸುರಿದೆ. ದೋಣಿಯ ಸುತ್ತ ಮೂರು ಪ್ರದಕ್ಷಿಣೆ ಹಾಕಿ ನೋಡಿದೆ. ಎಲ್ಲೂ ಒಂದು ಹನಿ ಸೋರಿರಲಿಲ್ಲ! ಇಷ್ಟೆಲ್ಲ ಅವಮಾನದ ನಡುವೆಯೂ ನನ್ನ ಎದೆ ಉಬ್ಬಿತು.

"ನೋಡು ಲೀಲಾ! ಒಂದು ಹನಿ? ಒಂದೇ ಒಂದು ಹನಿ ಹೊರಗ ಬಂದದ ಏನು?"

ಅವಳು ಬಟ್ಟೆಯ ಗಂಟು ಬಿಚ್ಚಿ ನೀರಿಗೆ ಹಾಕಿದಳು. ನಾನು ದೋಣಿಯೊಳಗೆ ಇಳಿದು, ಮೊಣಕಾಲ ನೀರಿನಲ್ಲಿ ನಿಂತು, ಸೀರೆ ತುಳಿದೆ. ಮಧ್ಯಾಹ್ನದ ತನಕ ತುಳಿದು ಮೊದಲ ಸುತ್ತು ಮುಗಿಸಿದೆ. ಅತ್ಯಾ ಕೋಲು ಹಿಡಿದು ದೂರದಲ್ಲಿ ನಿಂತು ಮೇಲ್ವಿಚಾರಣೆ ಮಾಡುತ್ತಿದ್ದಳು. ನಾನು ಒಗೆದದ್ದು ಮಡಿಯಾಗುವುದಿಲ್ಲವಂತೆ, ಗಾಜು ತೆಗೆಯುವುದಷ್ಟೇ ನನ್ನ ಪಾಲು, ಮಡಿ ಮಾಡಲು ಆಮೇಲೆ ತಾನು ಮತ್ತೆ ಒಗೆಯುತ್ತಾಳಂತೆ. ಇರಲಿ ಎಂದೆ. ಈಗ ಹೊಲಸು ನೀರು ಚೆಲ್ಲಿ ಹೊಸ ನೀರು ತುಂಬಬೇಕು. ನಾನೂ ಲೀಲಾಬಾಯಿಯೂ ಒಂದು ಬದಿ ಹಿಡಿದು ಎತ್ತಿದೆವು. ಅಲುಗಾಡಲಿಲ್ಲ. ಲಕ್ಷ್ಮವ್ವ ಬಂದು ಕೈ ಹಚ್ಚಿದಳು. ಅಲುಗಾಡಲಿಲ್ಲ! ತಂಬಿಗೆಯಿಂದ ಮೊಗೆದು ಮೊಗೆದು ಹಾಕಿದೆ, ಸೊಂಟ ಬಿದ್ದುಹೋಯಿತು, ನೀರು ನಾಲ್ಕು ಬೆರಳೂ ಇಳಿಯಲಿಲ್ಲ. ಇನ್ನೂ ಎರಡು ಸುತ್ತು ಬಾಕಿ ಇತ್ತು.

"ತಳಕ್ಕ ಒಂದು ತೂತು ಹೊಡಿ," ಎಂದಳು ಅತ್ಯಾ.

"ಅತ್ಯಾ... ದೋಣೀಗೆ... ತಳಕ್ಕ... ಯಾರರ ತೂತು ಹೊಡೀತಾರೇನು? ಆರು ತಿಂಗಳಾತು ಅತ್ಯಾ! ಒಂದು ಹನಿ ಸೋರದಂಗ ಕಟ್ಟೀನಿ!"

"ಅದಕ್ಕ ಹೊಡಿ ಅಂದದ್ದು. ಸೋರತಿದ್ರ ಯಾಕ ಹೊಡೀಬೇಕಾಗಿತ್ತು?"

ಲೀಲಾಬಾಯಿಯ ಕಡೆ ನೋಡಿದೆ. ಅವಳು ಆಕಾಶ ನೋಡಿದಳು. ಬಾಗಿಲಲ್ಲಿ ಸರಸ್ವತಿ ನಿಂತಿದ್ದಳು, ಕುಂದಗೋಳದವರು ಬರುವ ರವಿವಾರವನ್ನು ಬೆರಳಿನ ಮೇಲೆ ಎಣಿಸುತ್ತ. ನಾನು ಒಳಗೆ ಹೋಗಿ ಬೈರಿಗೆ ತಂದೆ. ಮಣ್ಣಿನಲ್ಲಿ ಮಲಗಿಕೊಂಡು, ನವಲಗುಂದ ತಾಲೂಕಿನ ಮೊಟ್ಟಮೊದಲ ದೋಣಿಯ ತಳದ ಅಂಚಿಗೆ, ನನ್ನ ಕೈಯಾರೆ ತೂತು ಕೊರೆದೆ. ಹೊಲಸು ನೀರು ನೂಲಿನಂತೆ ಮೋರಿಯ ಕಡೆ ಹರಿಯಿತು. ಎದ್ದು, ಮೊಣಕೈಯಿಂದ ಕಣ್ಣೊರೆಸಿಕೊಂಡೆ.

ಅತ್ಯಾ ಹತ್ತಿರ ಬಂದು, ಬಗ್ಗಿ, ಕೋಲಿನ ತುದಿಯಿಂದ ತೋರಿಸಿದಳು.

"ಏ ಬಾಳೂ, ಬಾಜೂಕ ಇನ್ನೊಂದು ಹೊಡಿ. ಒಂದರಾಗ ನೀರು ಲಗೂನ ಹೋಗವಲ್ದು!"